ಪದಚರ್ಚೆ: ಕೈಕೆಲಸದ ಒಡವೆಗಳ ವಿಭಾಗದಲ್ಲಿ ‘ಶೈಲಿ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ,

ಕೈಯಲ್ಲಿ ಒಡವೆ ಮಾಡಿ ಆನ್‌ಲೈನ್‌ನಲ್ಲಿ ಮಾರುವ ಗೆಳತಿಯೊಬ್ಬಳ ಪುಟಕ್ಕೆ ಕನ್ನಡದಲ್ಲಿ ಹೆಸರುಗಳನ್ನು ಕೂಡಿಸುತ್ತಿದ್ದೇನೆ. ವಿಳಾಸ, ಪಾವತಿ, ವಾಪಸಾತಿ ಇವೆಲ್ಲ ಸಲೀಸಾಗಿ ಆದವು. ‘ಶೈಲಿ’ ಎಂಬ ವಿಭಾಗಕ್ಕೆ ಬಂದಾಗ ಮಾತ್ರ ನಿಮ್ಮೆಲ್ಲರ ಸಲಹೆ ಬೇಕು ಅನ್ನಿಸಿತು. ಪದಗಳಿಗೇನೂ ಬರವಿಲ್ಲ. ಶೈಲಿ, ಬಗೆ, ಮಾದರಿ, ವಿನ್ಯಾಸ, ಡಿಸೈನ್, ಎಲ್ಲವೂ ಓಡಾಡುತ್ತಿವೆ. ಯಾವುದನ್ನು ಎಲ್ಲಿ ಇಡಬೇಕು ಅನ್ನುವುದೇ ಪ್ರಶ್ನೆ.

ಇಂಥ ಪುಟಗಳಲ್ಲಿ ‘ಶೈಲಿ’ ಒತ್ತಿದರೆ ಸಾಮಾನ್ಯವಾಗಿ ಏನೇನು ಬರುತ್ತದೆ ನೋಡಿ: ವಿಕ್ಟೋರಿಯನ್, ಬೋಹೋ, ಚೋಕರ್, ಕುಂದಣ, ಮಣಿ, ಆಕ್ಸಿಡೈಸ್ಡ್, ಮಿನಿಮಲಿಸ್ಟ್. ಇವೆಲ್ಲ ಒಂದೇ ಜಾತಿಯವಲ್ಲ. ಚೋಕರ್ ಅನ್ನುವುದು ಸರದ ಅಳತೆ. ಸುಮಾರು 14ರಿಂದ 16 ಇಂಚು ಉದ್ದ ಇದ್ದು ಕತ್ತಿಗೆ ಅಂಟಿ ಕೂರುತ್ತದೆ. 20ರಿಂದ 24 ಇಂಚಿನ ಸರಕ್ಕೆ ಮ್ಯಾಟಿನೀ, 28ರಿಂದ 36ರ ತನಕದ್ದಕ್ಕೆ ಒಪೆರಾ ಎಂಬ ಹೆಸರು. ಕುಂದಣ ಅನ್ನುವುದು ಕಲ್ಲು ಕೂರಿಸುವ ಕ್ರಮ. ಅರಗಿನ ಮೇಲೆ ಕಲ್ಲನ್ನಿಟ್ಟು, ಅಪ್ಪಟ ಚಿನ್ನದ ತೆಳು ಹಾಳೆಯನ್ನು ಅದರ ಸುತ್ತ ಒತ್ತಿ ಒತ್ತಿ ಹಿಡಿಸುತ್ತಾರೆ. ಮಣಿ ಅನ್ನುವುದು ವಸ್ತು. ಆಕ್ಸಿಡೈಸ್ಡ್ ಅನ್ನುವುದು ಮೇಲಿನ ಬಣ್ಣ. ನೋಟವನ್ನು ಹೇಳುವ ಹೆಸರು ಅಂತ ಉಳಿಯುವುದು ವಿಕ್ಟೋರಿಯನ್, ಬೋಹೋ (ಬಣ್ಣಬಣ್ಣದ, ಕಟ್ಟುಪಾಡಿಲ್ಲದ ನೋಟ), ಮಿನಿಮಲಿಸ್ಟ್ (ಅಲಂಕಾರ ತೀರಾ ಕಡಿಮೆ ಇರುವ ನೋಟ), ಮೂರೇ.

ಕೊಳ್ಳುವವರಿಗೆ ಇದರಿಂದ ತೊಂದರೆ ಇದೆ. ಮಣಿಯಿಂದ ಮಾಡಿದ, ಬೋಹೋ ನೋಟದ ಒಂದು ಚೋಕರನ್ನು ಎಲ್ಲಿ ಹುಡುಕಬೇಕು? ಮೂರು ಕಡೆಯೂ ಇರಬಹುದು, ಒಂದೇ ಕಡೆ ಇಟ್ಟು ಉಳಿದೆರಡು ಕಡೆ ಬಿಟ್ಟಿರಬಹುದು. ಹಾಗಾಗಿ ನನ್ನ ಸೂಚನೆ ಹೀಗಿದೆ. ಓಲೆ, ಸರ, ಬಳೆ, ಉಂಗುರ ಇವಕ್ಕೆ ‘ಬಗೆ’. ಯಾವುದರಿಂದ ಮಾಡಿದ್ದು ಅನ್ನುವುದಕ್ಕೆ ‘ವಸ್ತು’. ಹೇಗೆ ಮಾಡಿದ್ದು ಅನ್ನುವುದಕ್ಕೆ ‘ಕೆಲಸ’. ನೋಟಕ್ಕೆ ಮಾತ್ರ ‘ಶೈಲಿ’. ‘ವಿನ್ಯಾಸ’ ಅಂದರೆ ನನಗೆ ಒಂದೇ ಒಂದು ಓಲೆಯ ಗೆರೆ, ಬಾಗು, ಅಳತೆ ನೆನಪಾಗುತ್ತದೆ. ಶೈಲಿ ಹಲವು ವಿನ್ಯಾಸಗಳಿಗೆ ಸೇರಿದ್ದು. ‘ಮಾದರಿ’ ಅಂದರೆ ಸ್ಯಾಂಪಲ್ ಅಂತ ಓದುವವರೇ ಜಾಸ್ತಿ, ಅದನ್ನು ಬಿಡೋಣ ಅಲ್ವಾ?

‘ಕೆಲಸ’ ಅನ್ನುವ ಪದ ನನಗೆ ತುಂಬಾ ಇಷ್ಟ. ಕಲ್ಲಿನ ಕೆಲಸ, ಮಣಿ ಕೆಲಸ, ಕೆತ್ತನೆ ಕೆಲಸ, ಮೀನಾ ಕೆಲಸ (ಲೋಹದ ಮೇಲೆ ಕಾಯಿಸಿ ಹಿಡಿಸುವ ಬಣ್ಣದ ಗಾಜಿನ ಲೇಪ, ಅಂದರೆ ಎನಾಮಲ್). ಮಾಡುವವರ ಬಾಯಲ್ಲಿ ಇದೇ ಇದೆ. ‘ತಂತ್ರ’ ಅಂತ ಬರೆದರೆ ಮಾಟಮಂತ್ರದ ನೆನಪೂ ಬರುತ್ತದೆ, ‘ತಾಂತ್ರಿಕತೆ’ ಯಂತ್ರಕ್ಕೆ ಹೋಗುತ್ತದೆ. ಆದರೆ ಇಲ್ಲೂ ಒಂದು ಗಂಟಿದೆ. ‘ತಂತಿ ಕೆಲಸ’ ಅಂದರೆ ಯಾವುದು? ಕೂದಲಿನಷ್ಟು ತೆಳುವಾದ ಬೆಳ್ಳಿ ತಂತಿಗಳನ್ನು ಹುರಿ ಮಾಡಿ, ಸುರುಳಿ ಸುತ್ತಿ, ಬೆಸುಗೆ ಹಾಕಿ ಜಾಲರಿಯಂತೆ ಮಾಡುವುದು ಒಂದು. ಅದನ್ನು ಫಿಲಿಗ್ರೀ ಅನ್ನುತ್ತಾರೆ. ಬೆಸುಗೆಯೇ ಇಲ್ಲದೆ, ಇಕ್ಕಳದಿಂದ ಬಾಗಿಸುತ್ತಾ ತಂತಿಯನ್ನು ಕಲ್ಲಿನ ಸುತ್ತ ಸುತ್ತಿ ಹಿಡಿಸುವುದು ಇನ್ನೊಂದು. ಎರಡನ್ನೂ ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ತಂತಿ ತಂತಿಗೆ ಸೇರಿದ ಕಡೆ ಗಟ್ಟಿ, ಅಲುಗಾಡುವುದಿಲ್ಲ. ಎರಡನೆಯದರಲ್ಲಿ ಕೊಂಡಿಯ ಬುಡದಲ್ಲಿ ತಂತಿಯ ಸುತ್ತುಗಳು ಒಂದರ ಪಕ್ಕ ಒಂದು ಕೂತಿರುತ್ತವೆ, ಕೊನೆಯ ತುದಿಯನ್ನು ಒಳಗೆ ಒತ್ತಿರುತ್ತಾರೆ. ಆ ತುದಿ ಸರಿಯಾಗಿ ಒತ್ತಿರದಿದ್ದರೆ ಬಟ್ಟೆಗೆ ಸಿಕ್ಕಿ ಎಳೆಯುತ್ತದೆ. ಕೆಲಸ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವವರು ಮೊದಲು ಬೆರಳಾಡಿಸುವುದೇ ಅಲ್ಲಿ. ‘ಬೆಸೆದ ತಂತಿ ಕೆಲಸ’, ‘ಸುತ್ತಿದ ತಂತಿ ಕೆಲಸ’ ಅಂತ ಬರೆದರೆ ಹೇಗೆ? ಇದಕ್ಕಿಂತ ಚಿಕ್ಕ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಇನ್ನು ನಿಜವಾದ ಶೈಲಿಗಳಿಗೆ ಬರೋಣ. ಕಾಲದ ಹೆಸರು ಹೊತ್ತವುಗಳನ್ನು ಹಾಗೇ ಉಳಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಿಕ್ಟೋರಿಯನ್ ಅಂದರೆ ರಾಣಿ ವಿಕ್ಟೋರಿಯಾ ಆಳಿದ 1837ರಿಂದ 1901ರ ಕಾಲ. ಆರ್ಟ್ ನೂವೋ ಸುಮಾರು 1890ರಿಂದ 1910ರದು. ಬಾಗಿದ ಬಳ್ಳಿ, ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ರೆಕ್ಕೆ, ಹರಡಿದ ಕೂದಲು ಅದರ ಗುರುತು. ಫ್ರಾನ್ಸಿನ ಒಡವೆ ಕಲಾವಿದ ರೆನೆ ಲಾಲಿಕ್ ಚಿನ್ನದ ಜೊತೆಗೆ ಕೊಂಬು, ಗಾಜು, ಎನಾಮಲ್ ಬಳಸಿ ಮಾಡಿದ ಒಡವೆಗಳು ಈ ಸಾಲಿನವು. ಆರ್ಟ್ ಡೆಕೋ ಎಂಬ ಹೆಸರಿನ ಬೇರು 1925ರ ಪ್ಯಾರಿಸ್‌ನ ಅಲಂಕಾರ ಕಲೆಗಳ (ಆರ್ಟ್ಸ್ ಡೆಕೊರೇಟಿಫ್) ಪ್ರದರ್ಶನದ ಹೆಸರಲ್ಲಿದೆ. ನೇರ ಗೆರೆ, ಕೋನ, ಮೆಟ್ಟಿಲಿನ ಆಕಾರ ಅದರ ಗುರುತು. ಇವನ್ನು ಕನ್ನಡ ಮಾಡಲು ಹೋದರೆ ಹೆಸರೂ ಹೋಗುತ್ತದೆ, ಹುಡುಕುವವರಿಗೂ ಸಿಗುವುದಿಲ್ಲ. ಹೆಸರಿನ ಕೆಳಗೆ ‘ಬಳ್ಳಿ ಬಾಗಿನ ನೋಟ’, ‘ಕೋನ ಗೆರೆಗಳ ನೋಟ’ ಅಂತ ಒಂದು ಚಿಕ್ಕ ಸಾಲು ಸೇರಿಸಿದರೆ ಸಾಕು.

ಆದರೆ ಒಂದು ಎಚ್ಚರ ಬೇಕೇ ಬೇಕು. ಹೋದ ತಿಂಗಳು ಮಾಡಿದ ಓಲೆಯನ್ನು ‘ವಿಕ್ಟೋರಿಯನ್ ಓಲೆ’ ಅನ್ನಬಾರದು. ‘ವಿಕ್ಟೋರಿಯನ್ ಶೈಲಿಯ ಓಲೆ’ ಅನ್ನಬೇಕು. ‘ಶೈಲಿಯ’ ಎಂಬ ಆ ಒಂದು ಪದ ಇಲ್ಲಿ ಅಲಂಕಾರಕ್ಕೆ ಇರುವುದಲ್ಲ, ಕೊಳ್ಳುವವರಿಗೆ ಕೊಡುವ ಮಾತು ಅದು. ವಿಂಟೇಜ್, ಆಂಟಿಕ್ ಪದಗಳಿಗೂ ಹೀಗೇ. ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ವಿಂಟೇಜ್ ಎಂದು ಮಾರಬೇಕಾದರೆ ವಸ್ತುವಿಗೆ ಕನಿಷ್ಠ 20 ವರ್ಷ ಆಗಿರಬೇಕು. ಅಮೆರಿಕದ ಕಸ್ಟಮ್ಸ್ ಲೆಕ್ಕದಲ್ಲಿ ಆಂಟಿಕ್ ಅಂದರೆ 100 ವರ್ಷ ದಾಟಿದ್ದು. ನಮ್ಮ ಮಾತಿನಲ್ಲೋ, ‘ಆಂಟಿಕ್’ ಅಂದರೆ ಮಿರಮಿರ ಮಿಂಚದ, ಸ್ವಲ್ಪ ಮಂಕಾದ ಚಿನ್ನದ ಬಣ್ಣ ಅಂತಷ್ಟೇ ಆಗಿದೆ. ಅದನ್ನು ‘ಮಂದ ಹೊಳಪು’ ಎಂದು ಬರೆದು, ಹೊಳಪಿಗೆಂದೇ ಒಂದು ವಿಭಾಗ ಮಾಡಿ ಅಲ್ಲಿಗೆ ಕಳಿಸಬಹುದು. ವಿಂಟೇಜ್ ನೋಟಕ್ಕೆ ‘ಹಳೇ ಕಾಲದ ಶೈಲಿ’ ಅಂದರೆ ಒಪ್ಪುತ್ತದೆ. ಬರೀ ‘ಹಳೆಯ’ ಅಂದರೆ ಯಾರೋ ಹಾಕಿಕೊಂಡು ಬಿಟ್ಟದ್ದು ಅಂತಾಗುತ್ತದೆ. ‘ಪುರಾತನ’ ಅಂದರೆ ಮಣ್ಣಿನಿಂದ ಅಗೆದು ತೆಗೆದದ್ದು!

‘ಆಕ್ಸಿಡೈಸ್ಡ್ ಬೆಳ್ಳಿ’ ಬಗ್ಗೆಯೂ ಹೇಳಲೇಬೇಕು. ಬೆಳ್ಳಿಯ ಮೇಲಿನ ಆ ಕಪ್ಪು ಪದರ ಆಮ್ಲಜನಕ ಸೇರಿ ಆಗುವ ಆಕ್ಸೈಡ್ ಅಲ್ಲ, ಗಂಧಕ ಸೇರಿ ಆಗುವ ಸಿಲ್ವರ್ ಸಲ್ಫೈಡ್. ‘ಕಪ್ಪೇರಿಸಿದ ಬೆಳ್ಳಿ’ ಅಂದರೆ ಕಣ್ಣಿಗೆ ಕಂಡದ್ದನ್ನೇ ಹೇಳಿದ ಹಾಗಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಈ ಹೆಸರಿನಡಿ ಬೆಳ್ಳಿಯೇ ಇಲ್ಲದ ಒಡವೆಗಳೂ ಬಂದು ಸೇರುತ್ತವೆ. ಜರ್ಮನ್ ಸಿಲ್ವರ್‌ನಲ್ಲಿ ಇರುವುದು ತಾಮ್ರ, ನಿಕಲ್ ಮತ್ತು ಸತು. ನಿಕಲ್ ತಾಗಿದರೆ ಕೆಲವರ ಕಿವಿ ಕೆಂಪಾಗಿ ತುರಿಸುತ್ತದೆ. ಬಣ್ಣವನ್ನು ಶೈಲಿ ಎಂದು ಕರೆದು ವಸ್ತುವಿನ ಹೆಸರನ್ನು ಬಿಟ್ಟುಬಿಟ್ಟರೆ ಅಂಥವರಿಗೆ ಗೊತ್ತಾಗುವುದಾದರೂ ಹೇಗೆ? ವಿಭಾಗಗಳನ್ನು ಬಿಡಿಸಿ ಇಡಬೇಕು ಅಂತ ನಾನು ಹಟ ಹಿಡಿದಿರುವುದಕ್ಕೆ ದೊಡ್ಡ ಕಾರಣ ಇದೇ.

ಮಿನಿಮಲಿಸ್ಟ್‌ಗೆ ‘ಸರಳ’ ಅಂತ ಹಾಕಿ ನೋಡಿದೆ. ಯಾಕೋ ಕೆಲಸ ಕಡಿಮೆ, ಬೆಲೆಯೂ ಕಡಿಮೆ ಅನ್ನುವ ಧ್ವನಿ ಬಂತು. ನಿಜದಲ್ಲಿ ಒಂದೇ ತೆಳು ಕಂಬಿಯ ಉಂಗುರದಲ್ಲಿ ಸಣ್ಣ ಗೀರು ಬಿದ್ದರೂ ಕಾಣುತ್ತದೆ, ಮುಚ್ಚಲು ಕಲ್ಲಿಲ್ಲ, ಹೂವಿಲ್ಲ. ‘ನಾಜೂಕು’ ಚೆನ್ನಾಗಿದೆ, ಆದರೆ ಅದು ತೆಳುವಾದ, ಸೂಕ್ಷ್ಮವಾದ ಒಡವೆಗೇ ಹೊಂದುತ್ತದೆ. ಅಗಲವಾದ, ಏನೂ ಕೆತ್ತದ ಕಡಗವೂ ಮಿನಿಮಲಿಸ್ಟ್ ಆಗಬಹುದಲ್ಲ? ‘ಹಿತಮಿತ’ ಅಂದರೆ ಊಟದ ಸಲಹೆಯಂತೆ ಕೇಳುತ್ತದೆ. ಇಲ್ಲಿ ನಿಮ್ಮ ಸೂಚನೆ ನಿಜವಾಗಿ ಬೇಕು. ಇದಕ್ಕೆ ಎದುರಾದ ಸ್ಟೇಟ್‌ಮೆಂಟ್ ಒಡವೆಗೆ ‘ಎದ್ದು ಕಾಣುವ’ ಅನ್ನುವುದು ತಾನಾಗಿ ಬಂತು, ಅದರಲ್ಲಿ ನನಗೆ ಅನುಮಾನ ಇಲ್ಲ.

ಬೋಹೋ ಹಾಗೇ ಇರಲಿ. ಮಧ್ಯ ಯುರೋಪಿನ ಬೊಹೀಮಿಯಾ ಎಂಬ ನಾಡಿನ ಹೆಸರಿಂದ ಹೊರಟು, ಊರೂರು ಅಲೆಯುತ್ತಿದ್ದ ರೋಮಾ ಜನರಿಗೆ ಫ್ರೆಂಚರು ಇಟ್ಟ ಹೆಸರಾಗಿ, ಪ್ಯಾರಿಸ್ಸಿನ ಕಲಾವಿದರ ಬದುಕಿನ ರೀತಿಗೆ ಅಂಟಿಕೊಂಡು ಬಂದ ಪದ ಅದು. ‘ಅಲೆಮಾರಿ ಶೈಲಿ’ ಅಂತ ಕೆಲವರು ಬರೆಯುವುದುಂಟು. ಒಂದು ಜನರ ಬದುಕನ್ನು ಅಲಂಕಾರದ ಹೆಸರು ಮಾಡಿದ ಹಾಗಾಗುತ್ತದೆ, ನನಗೆ ಒಪ್ಪಿಗೆ ಇಲ್ಲ. ‘ಜನಾಂಗೀಯ’, ‘ಬುಡಕಟ್ಟು’ ಅನ್ನುವ ವಿಭಾಗಗಳಿಗೂ ಇದೇ ಮಾತು. ಯಾವ ಜನರ ಕೆಲಸವೋ ಅವರ ಹೆಸರು ಹೇಳುವುದು ಮೇಲು.

ಕೊನೆಗೆ ಬರಹದ ಕಷ್ಟ. ಜುಮುಕಿ, ಜುಮ್ಕಿ, ಝುಮ್ಕಾ, ಮೂರನ್ನೂ ಜನ ಟೈಪ್ ಮಾಡುತ್ತಾರೆ. ಕಿವಿಯಿಂದ ಇಳಿಬಿದ್ದದ್ದಕ್ಕೆ ಕೆಲವರು ಲೋಲಾಕು ಅಂದರೆ, ಹ್ಯಾಂಗಿಂಗ್ಸ್ ಅನ್ನುವವರು ಇನ್ನೂ ಜಾಸ್ತಿ. ಪುಟದ ಮೇಲೆ ಒಂದು ರೂಪ ಇಟ್ಟು, ಉಳಿದವನ್ನು ಹುಡುಕಾಟದ ಪದಗಳಲ್ಲಿ ಸೇರಿಸೋಣ ಅಂತಿದ್ದೇನೆ. ಪುಟದ ಮೇಲೆ ‘ಜುಮುಕಿ’ ಮತ್ತು ‘ಲೋಲಾಕು’ ಇರಲಿ ಅನ್ನುವುದು ನನ್ನ ಮನಸ್ಸು. ಲೋಲಾಕು ಈಗಿನ ಓದುಗರಿಗೆ ತಿಳಿಯುತ್ತದೆಯೇ?

ಇನ್ನೊಂದು ಪ್ರಶ್ನೆ. ಪಾಲಿಮರ್ ಜೇಡಿಯಲ್ಲಿ (ಜೇಡಿಮಣ್ಣಿನಂತೆ ಹದವಾಗುವ ಪ್ಲಾಸ್ಟಿಕ್), ರೆಸಿನ್‌ನಲ್ಲಿ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ದ್ರವ), ದಾರದಲ್ಲಿ ಮಾಡಿದ್ದನ್ನು ‘ಒಡವೆ’ ಅನ್ನಬಹುದೇ? ಒಡವೆಗೆ ಮೊದಲಿಂದ ಸ್ವತ್ತು ಎಂಬ ಅರ್ಥವೂ ಇದೆ, ಹಾಗಾಗಿ ಚಿನ್ನ ಬೆಳ್ಳಿಯೇ ನೆನಪಾಗುತ್ತದೆ. ‘ಆಭರಣ’ ಕೊಂಚ ಪುಸ್ತಕದ ಮಾತು. ‘ಕೈಕೆಲಸದ ಒಡವೆ’ ಅಂತಲೇ ಇಡುವ ಮನಸ್ಸಿದೆ. ಗಂಟೆಗಟ್ಟಲೆ ಕೂತು ಮಾಡಿದ ದಾರದ ಸರಕ್ಕೂ ಆ ಹೆಸರು ಸಲ್ಲಬೇಕು ಅನ್ನಿಸುತ್ತದೆ. ಒಡವೆ ಮಾಡುವವರು, ಮಾರುವವರು ಯಾರಾದರೂ ಇಲ್ಲಿದ್ದರೆ, ನೀವು ಕೆಲಸದ ಜಾಗದಲ್ಲಿ ನಿಮ್ಮ ನಿಮ್ಮಲ್ಲೇ ಏನಂತ ಕರೆಯುತ್ತೀರಿ ಅನ್ನುವುದನ್ನು ಬರೆಯಿರಿ. ಮಿನಿಮಲಿಸ್ಟ್ ಮತ್ತು ಎರಡು ತಂತಿ ಕೆಲಸಗಳಿಗೆ ಮೊದಲು ಉತ್ತರ ಸಿಕ್ಕರೆ ಉಪಕಾರ.