ಕೂಫಿ ಲಿಪಿಯ ದಿರ್ಹಮ್: ಎಪ್ಪತ್ತೋ, ತೊಂಬತ್ತೋ?

ಪ್ರಶ್ನೆ (ಸರಸ್ವತೀಪುರಂ, ಮೈಸೂರು):
ಉರ್ದು ಬಲ್ಲ ನೆರೆಮನೆಯ ಹಿರಿಯರೊಬ್ಬರಿಂದ ಎರಡು ವರ್ಷಗಳಿಂದ ಅರಬ್ಬಿ ಅಕ್ಷರ ಕಲಿಯುತ್ತಿದ್ದೇನೆ. ಈಗ ಕೂಫಿ ಎಂಬ ಹಳೆಯ ಅರಬ್ಬಿ ಲಿಪಿಯಲ್ಲಿರುವ, ಉಮಯ್ಯದ್ ಖಲೀಫರ ಕಾಲದ ಬೆಳ್ಳಿ ನಾಣ್ಯ ದಿರ್ಹಮ್ ಒಂದರ ಛಾಯಾಚಿತ್ರವನ್ನು ಓದುತ್ತಿದ್ದು, ‘ಈ ದಿರ್ಹಮನ್ನು ವಾಸಿತ್‌ನಲ್ಲಿ ವರ್ಷ ಮೂರು ಮತ್ತು...’ ಎಂಬಲ್ಲಿಯವರೆಗೆ (ವಾಸಿತ್ ಇರಾಕಿನ ಒಂದು ನಗರ) ಅಂಚಿನ ಬರಹ ಬಿಡಿಸಿಕೊಂಡಿದೆ. ಮುಂದಿನ ಪದ ‘ಸಬ್‌ಈನ್’ (ಎಪ್ಪತ್ತು) ಆಗಿರಬಹುದು, ‘ತಿಸ್‌ಈನ್’ (ತೊಂಬತ್ತು) ಕೂಡ ಆಗಿರಬಹುದು. ಅಕ್ಷರಗಳಿಗೆ ಚುಕ್ಕಿಗಳಿಲ್ಲ, ‘ಐನ್’ ಅಕ್ಷರಕ್ಕೆ ಮೊದಲು ಒಂದೇ ಎತ್ತರದ ನಾಲ್ಕು ಹಲ್ಲುಗಳು (ಮೇಲೆದ್ದ ಗೀಟುಗಳು) ಮಾತ್ರ ಕಾಣುತ್ತವೆ. ಇದನ್ನು ನಿರ್ಧರಿಸುವುದು ಹೇಗೆ?

ಉತ್ತರ 1 (ಮಂಡ್ಯ):
ನಿಮ್ಮ ಕಣ್ಣು ತಪ್ಪಿಲ್ಲ. ಚುಕ್ಕಿ ತೆಗೆದರೆ ಆ ಎರಡು ಪದಗಳೂ ಒಂದೇ: ‘ಸೀನ್’ ಅಕ್ಷರಕ್ಕೆ ಮೂರು ಹಲ್ಲು, ‘ಬೇ’ ಅಥವಾ ‘ತೇ’ ಅಕ್ಷರಕ್ಕೆ ಒಂದು. ನಮ್ಮ ಹಳಗನ್ನಡ ಶಾಸನಗಳಲ್ಲಿ ಎಕಾರ ಏಕಾರಗಳ ಭೇದ ಲಿಪಿಯಲ್ಲಿ ಕಾಣದಿದ್ದಾಗ ಸಂದರ್ಭ ನೋಡಿ ಓದುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್ ಚಿತ್ರಗಳನ್ನು ಕೈಬಿಟ್ಟು ಬರೀ ಬರಹದ ಚಿನ್ನದ ದಿನಾರನ್ನು ಹೊರಡಿಸಿದ್ದು ಹಿಜರಿ 77ರಲ್ಲಿ, ದಿರ್ಹಮ್ ಅದರ ನಂತರದ್ದು. ವಾಸಿತ್ ನಗರವನ್ನು ಅವನ ಪ್ರಾಂತಾಧಿಕಾರಿ ಹಜ್ಜಾಜ್ ಕಟ್ಟಿಸಿದ್ದಂತೂ ಹಿಜರಿ 80ರ ದಶಕದಲ್ಲಿ. ಇನ್ನೂ ಹುಟ್ಟದ ಊರಿನ ಟಂಕಸಾಲೆಯಲ್ಲಿ 73ರ ನಾಣ್ಯ ಅಚ್ಚಾಗುವುದು ಸಾಧ್ಯವಿಲ್ಲದ್ದರಿಂದ ನಿಮ್ಮದು 93, ಅಂದರೆ ಕ್ರಿ.ಶ. 711–12. ಆಗ ಖಲೀಫನಾಗಿದ್ದವನು ಒಂದನೆಯ ವಲೀದ್, ಆದರೆ ಈ ದಿರ್ಹಮ್‌ಗಳ ಮೇಲೆ ಖಲೀಫನ ಹೆಸರು ಇರುವುದಿಲ್ಲ. ನಿಜವಾದ ಕಷ್ಟ ಬಿಡಿಸ್ಥಾನದಲ್ಲಿದೆ: ‘ಸಬ್‌ಅ’ (ಏಳು), ‘ತಿಸ್‌ಅ’ (ಒಂಬತ್ತು) ಇವುಗಳಿಗೂ ಅದೇ ನಾಲ್ಕು ಹಲ್ಲುಗಳಿದ್ದು, 97 ಮತ್ತು 99 ಎರಡೂ ವಾಸಿತ್‌ಗೆ ಸಲ್ಲುತ್ತವೆ. ಅಲ್ಲಿ ಇತಿಹಾಸ ಕೈಹಿಡಿಯುವುದಿಲ್ಲ. ಹಲ್ಲುಗಳ ಎತ್ತರವನ್ನೇ ನೋಡಬೇಕು. ಬಲದಿಂದ ಮೊದಲ ಹಲ್ಲು ಎದ್ದಿದ್ದರೆ ಅದು ‘ತೇ’, ಆದ್ದರಿಂದ ಒಂಬತ್ತು. ನಾಲ್ಕನೆಯದು ಎದ್ದಿದ್ದರೆ ಅದು ‘ಬೇ’, ಆದ್ದರಿಂದ ಏಳು.

ಉತ್ತರ 2 (ಶ್ರೀರಂಗಪಟ್ಟಣ):
ಅಂಕಿಗಳಲ್ಲಿ ವರ್ಷ ಬರೆದ ನಾಣ್ಯಗಳು ಸುಲಭವೆಂದು ಯಾರೂ ಭಾವಿಸಬಾರದು. ನಮ್ಮೂರಿನ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನ್ 1787ರಿಂದ ಮೌಲೂದಿ ಶಕೆಯನ್ನು (ಪ್ರವಾದಿ ಮುಹಮ್ಮದರ ಜನನದಿಂದ ಎಣಿಸುವ ಶಕೆ) ಬಳಸಿದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹೀಗಾಗಿ 1215 ಎಂಬ ವರ್ಷ ಎಡದಿಂದ ಓದುವವರಿಗೆ 5121 ಎಂದು ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನನ್ನ ಬಳಿ ವಾಸಿತ್‌ನ ಇನ್ನೊಂದು ಚಿತ್ರವಿದ್ದು, ಅದರಲ್ಲಿ ತೊಂಬತ್ತು ಎಂಬ ಪದಕ್ಕೆ ಮುಂಚಿನ ಬಿಡಿಸಂಖ್ಯೆಯನ್ನು ಒಂಬತ್ತೆಂದು ಗುರುತಿಸಿಟ್ಟಿದ್ದೆ. ಈಗ ಭೂತಗನ್ನಡಿ ಹಿಡಿದು ನೋಡಿದರೆ ಐನ್‌ಗೆ ತಾಗಿಕೊಂಡಿರುವ ನಾಲ್ಕನೆಯ ಹಲ್ಲು ಉಳಿದ ಮೂರಕ್ಕಿಂತ ಕೂದಲೆಳೆಯಷ್ಟು ಎತ್ತರವಾಗಿದೆ. 99 ಎಂಬುದನ್ನು ಹೊಡೆದುಹಾಕಿ 97 ಎಂದು ಬರೆದುಕೊಂಡಿದ್ದೇನೆ.