ಪದಚರ್ಚೆ: 'ಕರುಳಿನ ಪರಾವಲಂಬಿ'ಗೆ ತಾಯಂದಿರಿಗೆ ತಿಳಿಯುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡಯೆಟಿಷಿಯನ್. ಅಡ್ಮಿಟ್ ಆದ ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆ ಬರೆದಿಡುವುದು, ಏನು ತಿನ್ನಿಸಬೇಕು ಅಂತ ತಾಯಂದಿರಿಗೆ ಹೇಳುವುದು ನನ್ನ ಕೆಲಸ. ಈಗ ವಾರ್ಡಿಗೆ ಹೊಸ ಫಾರಂ ಮಾಡುತ್ತಿದ್ದೇವೆ. ಜೊತೆಗೆ ಮನೆಗೆ ಕೊಟ್ಟು ಕಳಿಸಲು ಒಂದು ಪುಟದ ಕರಪತ್ರ. ಹಳೇ ಫಾರಂನಲ್ಲಿ 'ಕರುಳಿನ ಪರಾವಲಂಬಿಗಳು ಇವೆಯೇ?' ಅಂತ ಒಂದು ಸಾಲಿದೆ (ಅಂದರೆ ಮಗುವಿನ ಕರುಳಿನಲ್ಲಿ ಸೇರಿಕೊಂಡು ಅದರಿಂದಲೇ ಬದುಕುವ ಜೀವಿಗಳು). ಅದರ ಕೆಳಗೇ 'ಪೌಷ್ಟಿಕ ಸ್ಥಿತಿ'. ಈ ಎರಡಕ್ಕೂ ಬೇರೆ ಮಾತು ಬೇಕು.

ಹೋದ ತಿಂಗಳು ಮೂರು ವರ್ಷದ ಹುಡುಗಿಯೊಬ್ಬಳು ಭೇದಿ ನಿಲ್ಲದೆ ಅಡ್ಮಿಟ್ ಆಗಿದ್ದಳು. ತಾಯಿ ಗಾರ್ಮೆಂಟ್ಸ್ ಕೆಲಸದವರು. ಫಾರಂ ಓದುತ್ತಾ 'ಪರಾವಲಂಬಿ' ಮೇಲೆ ಬೆರಳಿಟ್ಟು, "ನಮ್ಮತ್ತೆ ನಮ್ ಜೊತೆಗೇ ಇರೋದು ಮೇಡಂ, ಅವರ ಹೆಸರೂ ಬರೀಬೇಕಾ?" ಅಂದರು. ಇಎಸ್‌ಐ ಫಾರಂಗಳಲ್ಲಿ 'ಅವಲಂಬಿತರು' ಅನ್ನೋ ಕಾಲಂ ತುಂಬಿ ಅವರಿಗೆ ಅಭ್ಯಾಸ. ಅವರು ಓದಿದ್ದರಲ್ಲಿ ಏನೂ ತಪ್ಪಿಲ್ಲ. ಇನ್ನೊಬ್ಬರನ್ನು ನೆಚ್ಚಿಕೊಂಡವರು ಅಂತಲೇ ಆ ಪದದ ಅರ್ಥ. ಹೊಟ್ಟೆ ಅನ್ನೋದು ಆ ಪದದಲ್ಲಿ ಎಲ್ಲಿದೆ?

ಸುಮ್ನೆ 'ಹೊಟ್ಟೆಹುಳ' ಅಂತ ಬರೆದರೆ ಮುಗೀತಲ್ಲ ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹುಳಗಳ ಮಟ್ಟಿಗೆ ನಮ್ಮ ಹೆಸರುಗಳು ತುಂಬಾ ಚೆನ್ನಾಗಿವೆ. ಕೊಕ್ಕೆಹುಳು ಕೊಕ್ಕೆ ಹಾಕಿದ ಹಾಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬರಿಗಾಲಲ್ಲಿ ಮಣ್ಣು ತುಳಿದಾಗ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಲಾಡಿಹುಳು ಲಂಗದ ಲಾಡಿಯಂತೆ ಉದ್ದ, ಚಪ್ಪಟೆ. ಚಾಟಿಹುಳುವಿನ ಒಂದು ತುದಿ ತೆಳು, ಇನ್ನೊಂದು ತುದಿ ದಪ್ಪ, ಥೇಟ್ ಚಾಟಿ. ಹೆಸರು ಕೇಳಿದರೆ ಸಾಕು, ಆಕಾರ ಕಣ್ಣಮುಂದೆ ಬರುತ್ತದೆ.

ತೊಡಕು ಇರುವುದು ಹುಳ ಅಲ್ಲದ ಜೀವಿಗಳಲ್ಲಿ. ಆ ಹುಡುಗಿಯ ಮಲಪರೀಕ್ಷೆಯಲ್ಲಿ ಸಿಕ್ಕಿದ್ದು ಜಿಯಾರ್ಡಿಯಾ. ಅದು ಒಂದೇ ಕೋಶದ ಜೀವಿ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುತ್ತದೆ. ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡು, ತಿಂದದ್ದು ರಕ್ತಕ್ಕೆ ಸೇರದ ಹಾಗೆ ಮಾಡುತ್ತದೆ. "ಹುಳ ಇದೆಯಾ?" ಅಂತ ಕೇಳಿದಾಗ ತಾಯಿ, "ಇಲ್ಲ ಮೇಡಂ, ಅಂಗನವಾಡೀಲಿ ಹುಳದ ಮಾತ್ರೆ ಕೊಟ್ಟಿದ್ದಾರೆ" ಅಂದರು. ಅದೂ ನಿಜವೇ. 2015ರಿಂದ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಎರಡು ವರ್ಷ ದಾಟಿದ ಮಕ್ಕಳಿಗೆ 400 ಮಿಲಿಗ್ರಾಂ ಆಲ್ಬೆಂಡಜೋಲ್ ಕೊಡುತ್ತಾರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ. ಆದರೆ ಆ ಒಂದು ಮಾತ್ರೆಗೆ ಜಿಯಾರ್ಡಿಯಾ ಜಗ್ಗುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆಯೇ ಬೇಕು. 'ಹುಳ' ಅಂತ ಬರೆದುಬಿಟ್ಟರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಅದಕ್ಕೇ ಇದು ನನಗೆ ಬರೀ ಪದದ ವಿಷಯ ಅಲ್ಲ.

'ಕ್ರಿಮಿ' ಹಾಕಿ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಆಯುರ್ವೇದದ ಪದ, ಹಳೆಯದು, ಸರಿ. ಆದರೆ ಇವತ್ತು ಹಳ್ಳಿ ಕಡೆ ಕ್ರಿಮಿನಾಶಕ ಅಂದರೆ ಹೊಲಕ್ಕೆ ಹೊಡೆಯುವ ವಿಷ. 'ಕ್ರಿಮಿನಾಶಕ ಮಾತ್ರೆ' ಅಂತ ಅಚ್ಚು ಹಾಕಿ ಮಗುವಿಗೆ ಕೊಡಿ ಅಂದರೆ ಯಾವ ತಾಯಿಯ ಕೈ ಮುಂದೆ ಬರುತ್ತದೆ ಹೇಳಿ? ಇದನ್ನು ನಾನಂತೂ ಒಪ್ಪಲಾರೆ.

ನನ್ನ ಮನಸ್ಸು ಹೋಗಿರುವುದು 'ಜಂತು' ಕಡೆಗೆ, ಅಂದರೆ 'ಜಂತುಹುಳು'ವಿನಲ್ಲಿ 'ಹುಳು' ಬಿಟ್ಟು. ಮೂಲದಲ್ಲಿ ಜಂತು ಅಂದರೆ ಹುಟ್ಟಿದ ಯಾವುದೇ ಜೀವಿ. 'ಜೀವಜಂತು' ಅನ್ನುವಾಗ ಆ ಅರ್ಥ ಇನ್ನೂ ಉಳಿದಿದೆ. ಒಂಟಿಯಾಗಿ ಬಂದಾಗ ಮಾತ್ರ ಹೊಟ್ಟೆಗೆ ಅಂಟಿಕೊಂಡಿದೆ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿರುವ ತಾಯಂದಿರೂ "ಹೊಟ್ಟ್ಯಾಗ ಜಂತ ಆಗ್ಯಾವ್ರಿ" ಅನ್ನುತ್ತಾರೆ. ಹಾಗಾಗಿ 'ಕರುಳಿನ ಜಂತು' ಅಂತ ತಲೆಬರಹ ಕೊಟ್ಟು, ಕೆಳಗೆ 'ಕಣ್ಣಿಗೆ ಕಾಣುವ ಹುಳ', 'ಕಣ್ಣಿಗೆ ಕಾಣದ ಜಂತು' ಅಂತ ಎರಡು ಚೌಕ ಮಾಡಿದರೆ? ವ್ಯಾಕರಣ ಬಲ್ಲವರಿಗೆ ಇದು ಸರಿ ಅನ್ನಿಸುತ್ತಾ?

ಇನ್ನೊಂದು ಪದ ನನಗೆ ಸಿಕ್ಕಿದ್ದು ಶ್ರೀನಿವಾಸಪುರದ ಕಡೆಯ ತಂದೆಯೊಬ್ಬರಿಂದ. ಮಾವಿನ ತೋಪಿನಲ್ಲಿ ಕೆಲಸ ಮಾಡುವವರು. ಜಂತು ಕರುಳಿನಲ್ಲಿದ್ದು ಮಗುವಿನ ಪಾಲು ತಿನ್ನುತ್ತದೆ ಅಂತ ನಾನು ಹೇಳುತ್ತಿದ್ದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಬಂದಳಿಕೆ ಇದ್ದಂಗೆ ಅಲ್ವಾ ಮೇಡಂ?" ಅಂದರು. ಮಾವಿನ ಕೊಂಬೆಗೆ ಬೇರು ಇಳಿಸಿ ಮರದ ರಸ ಹೀರುವ ಗಿಡ ಅದು. "ಅದಿರೋ ಕೊಂಬೇನೇ ಕಡೀಬೇಕು. ಆಮೇಲೆ ಹಕ್ಕಿ ಮತ್ತೆ ಬೀಜ ತಂದು ಹಾಕುತ್ತೆ, ನೋಡ್ಕೊಂತಿರ್ಬೇಕು" ಅಂದರು. ಮಾತ್ರೆ ತಿಂದ ಮೇಲೂ ಕೈ ತೊಳೆಯದಿದ್ದರೆ, ಚಪ್ಪಲಿ ಹಾಕದಿದ್ದರೆ ಜಂತು ಮತ್ತೆ ಬರುತ್ತದೆ ಅಂತ ನಾನು ಹೇಳಬೇಕಿದ್ದ ಪಾಠ ಅದರಲ್ಲೇ ಬಂತು. ಫಾರಂಗೆ ಈ ಪದ ಆಗಲಾರದು, ಬೆಂಗಳೂರಲ್ಲೇ ಬೆಳೆದವರಿಗೆ ಬಂದಳಿಕೆ ಗೊತ್ತಿರುವುದಿಲ್ಲ. ಕರಪತ್ರದಲ್ಲಿ ಹೋಲಿಕೆಯಾಗಿ ಇಡಬೇಕು ಅಂತ ಆಸೆ. ಕೆಲವು ಕಡೆ ಇದನ್ನೇ ಬದನಿಕೆ ಅಂತಾರೆ. ಯಾವುದು ಜಾಸ್ತಿ ಜನಕ್ಕೆ ಗೊತ್ತು?

ಇನ್ನು 'ಪೌಷ್ಟಿಕ ಸ್ಥಿತಿ'. 'ಪುಷ್ಟಿ' ಅಂದರೆ ಅನೇಕ ತಾಯಂದಿರಿಗೆ ಅಂಗನವಾಡಿಯ ಹಿಟ್ಟಿನ ಪ್ಯಾಕೆಟ್ ನೆನಪಾಗುತ್ತದೆ. ಅವರದೇ ಮಾತು ಬೇರೆ: "ಚೆನ್ನಾಗೇ ತಿಂತಾನೆ, ಆದರೆ ತಿಂದದ್ದು ಮೈಗೆ ಹತ್ತಲ್ಲ." ಊಟ ಸಾಲದೆ ಸೊರಗಿದ ಮಗು ಬೇರೆ, ತಿಂದರೂ ಮೈಗೆ ಹತ್ತದ ಮಗು ಬೇರೆ. ವೈದ್ಯರು ಉದ್ದುದ್ದ ಪದಗಳಲ್ಲಿ ಹೇಳುವ ಈ ವ್ಯತ್ಯಾಸವನ್ನು ಈ ತಾಯಂದಿರು ಎರಡೇ ಪದದಲ್ಲಿ ಹೇಳಿದ್ದಾರೆ. 'ತಿಂದದ್ದು ಮೈಗೆ ಹತ್ತುತ್ತಿದೆಯೇ?' ಅಂತ ಫಾರಂನಲ್ಲೇ ಕೇಳಬೇಕು ಅನ್ನುವುದು ನನ್ನ ಹಟ. ಅದು ಆಡುಮಾತು, ದಾಖಲೆಗೆ ಸಲ್ಲದು ಅನ್ನುತ್ತಾರೆ ಮೇಲಿನವರು. ಬರಹದಲ್ಲಿ, ಅದರಲ್ಲೂ ಹಳೆಯ ಬರಹದಲ್ಲಿ, 'ಮೈಗೆ ಹತ್ತು' ಈ ಅರ್ಥದಲ್ಲಿ ಬಂದಿರುವುದನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ. ತೋರಿಸಿ ಒಪ್ಪಿಸುತ್ತೇನೆ.

ಅಳತೆಯ ಹೆಸರಿಗೆ ಅಷ್ಟು ತೊಂದರೆಯಿಲ್ಲ. ತೋಳಿಗೆ ಸುತ್ತುವ ಪಟ್ಟಿಯಲ್ಲಿ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, 12.5ರವರೆಗೆ ಹಳದಿ, ಆಮೇಲೆ ಹಸಿರು. ತಾಯಂದಿರು ಅಂಕಿ ನೋಡುವುದಿಲ್ಲ. "ಹಳದಿಗೆ ಬಂದನಾ?" ಅಂತ ಕೇಳುತ್ತಾರೆ. ಅದನ್ನೇ ಬರೆಯುತ್ತೇವೆ.

ಕೊನೆಗೆ ಒಂದು ಚಿಕ್ಕ ಪ್ರಶ್ನೆ. ರಾತ್ರಿ ಹೊತ್ತು ಮಕ್ಕಳ ಕುಂಡೆ ತುರಿಸುವಂತೆ ಮಾಡುವ ಬಿಳಿ ಸಣ್ಣ ಹುಳಕ್ಕೆ ನಿಮ್ಮ ಕಡೆ ಏನಂತಾರೆ? ನಮ್ಮ ವಾರ್ಡಿನಲ್ಲಿ ತಮಿಳಿನವರು ಪೂಚಿ ಅಂತಾರೆ, ತೆಲುಗಿನವರು ನುಲಿಪುರುಗು ಅಂತಾರೆ. ಕನ್ನಡದವರು 'ದಾರದ ಥರ ಹುಳ' ಅಂತ ಬೆರಳಲ್ಲಿ ತೋರಿಸುತ್ತಾರೆ. ಊರಿನ ಹೆಸರು ಸೇರಿಸಿ ಬರೆದರೆ ಅನುಕೂಲ.