ಪದಚರ್ಚೆ: ಪ್ರಿಪೊಸಿಷನ್‌ಗೆ 'ಉಪಸರ್ಗ' ಸರಿಯೇ? ನಾಳೆ ಪ್ರಿಂಟಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ.
ಕನ್ನಡ ಮಾಧ್ಯಮದ 8ನೇ ಕ್ಲಾಸಿಗೆ ಒಂದು ಗೋಡೆಪಟ ಅನುವಾದಿಸುತ್ತಿದ್ದೇನೆ. ವಿಷಯ ಇಂಗ್ಲಿಷಿನ ಪಾರ್ಟ್ಸ್ ಆಫ್ ಸ್ಪೀಚ್. ನಾಮಪದ, ಸರ್ವನಾಮ, ಕ್ರಿಯಾಪದ ಎಲ್ಲಾ ಆಯಿತು. ಪ್ರಿಪೊಸಿಷನ್ ('ಇನ್', 'ಆನ್' ಥರದವು) ಹತ್ತಿರ ಕೈ ನಿಂತಿದೆ. 'ಉಪಸರ್ಗ' ಅಂತ ಹಾಕಲಾ? ಪಟದಲ್ಲಿ ಎರಡು ಉದಾಹರಣೆ ಇವೆ: 'ರನ್ ಅಪ್ ದ ಹಿಲ್', 'ಗಿವ್ ಅಪ್ ದ ಜಾಬ್'. ಎರಡೂ 'ಅಪ್'ಗೆ ಒಂದೇ ಬಣ್ಣ ಕೊಟ್ಟಿದ್ದಾರೆ. ಅದೂ ಯಾಕೋ ಸರಿ ಕಾಣುತ್ತಿಲ್ಲ. ನಾಳೆ ಮಧ್ಯಾಹ್ನದೊಳಗೆ ಬೇಕು.
— ಸು.

ಉಪಸರ್ಗ ಖಂಡಿತ ಬೇಡ. ಪ್ರಹಾರ, ವಿಹಾರ, ಸಂಹಾರಗಳ ಪ್ರ, ವಿ, ಸಂ ಉಪಸರ್ಗಗಳು. ಅವು ಧಾತುವಿಗೆ ಅಂಟುತ್ತವೆ. ಪ್ರಿಪೊಸಿಷನ್ ಹಿಡಿಯುವುದು ನಾಮಪದವನ್ನು. ಪಾಣಿನಿ ಆಗಲೇ ಬೇರೆ ಮಾಡಿಟ್ಟಿದ್ದಾನೆ. ಕ್ರಿಯೆಗೆ ಸೇರಿದರೆ ಉಪಸರ್ಗ, ನಾಮಪದಕ್ಕೆ ವಿಭಕ್ತಿ ತರಿಸಿದರೆ ಕರ್ಮಪ್ರವಚನೀಯ. ಎರಡನೆಯದನ್ನು ಹಾಕಿ.
— ಕೆ.ಎನ್.

ಕರ್ಮಪ್ರವಚನೀಯ! 8ನೇ ಕ್ಲಾಸಿಗೆ! ಮಕ್ಕಳ ಕರ್ಮ.
ನಮ್ಮಲ್ಲಿ ಈ ಕೆಲಸವನ್ನು ಮೇಲೆ, ಒಳಗೆ, ಜೊತೆ ಮಾಡುತ್ತವೆ, ನಾಮಪದ ಆದಮೇಲೆ ಬರುತ್ತವೆ. ಇಂಗ್ಲಿಷಿನವು ಮೊದಲೇ ಬರುತ್ತವೆ. ಅದಕ್ಕೆ 'ಮುಂಪದ' ಅನ್ನಿ, ಮುಗೀತು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕ್ರಿಯಾಪದಕ್ಕೆ ಎಸಕಪದ, ಗುಣವಾಚಕಕ್ಕೆ ಪರಿಚೆಪದ ಅಂತ ಅಚ್ಚಗನ್ನಡದ ಹೆಸರು ಬಳಸಿ ದಾರಿ ತೋರಿಸಿದ್ದಾರಲ್ಲ.
— ಬಿ.

ಸಮಾಸದ ಪೂರ್ವಪದಕ್ಕೂ ನಿಮ್ಮ ಮುಂಪದಕ್ಕೂ ಏನು ವ್ಯತ್ಯಾಸ? ಅದಿರಲಿ, 'ಪದ' ಯಾವ ಅಚ್ಚಗನ್ನಡ?
— ಕೆ.ಎನ್.

ಸಾರ್, ಜಗಳ ಆಮೇಲೆ ಆಡಿ. ಪಟದಲ್ಲಿರುವ ತಪ್ಪನ್ನು ಯಾರೂ ನೋಡಲೇ ಇಲ್ಲ. 'ದ ಜಾಬ್' ಬದಲು 'ಇಟ್' ಹಾಕಿ ನೋಡಿ. 'ಗಿವ್ ಇಟ್ ಅಪ್' ಅನ್ನಬೇಕು, 'ಗಿವ್ ಅಪ್ ಇಟ್' ಅನ್ನುವ ಹಾಗಿಲ್ಲ. ಗುಡ್ಡಕ್ಕಾದರೆ 'ರನ್ ಅಪ್ ಇಟ್' ನಡೆಯುತ್ತದೆ. ಅಂದರೆ ಮೊದಲನೆಯ 'ಅಪ್' ಮಾತ್ರ ಪ್ರಿಪೊಸಿಷನ್. ಎರಡನೆಯದು ಕ್ರಿಯಾಪದದ ಬಾಲ, ಪಾರ್ಟಿಕಲ್ ಅನ್ನುತ್ತಾರೆ. ಬಣ್ಣ ಬದಲಿಸಲೇಬೇಕು. ಪದ ನೋಡಿ ವರ್ಗ ಹೇಳುವುದನ್ನು ಬಿಟ್ಟು ವಾಕ್ಯದಲ್ಲಿ ಅದು ಏನು ಮಾಡುತ್ತಿದೆ ಅಂತ ನೋಡಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಹೆಸರು ಪ್ರಿಪೊಸಿಷನ್ ಅಂತಲೇ ಇರಲಿ. ಇಂಗ್ಲಿಷ್ ಪರೀಕ್ಷೆಯಲ್ಲಿ ಅವರು ನೋಡುವುದು ಅದನ್ನೇ.
— ಇಂಗ್ಲಿಷ್ ಮೇಷ್ಟ್ರು

ಹಾಗಾದರೆ ಎರಡನೆಯ 'ಅಪ್' ಉಪಸರ್ಗವೇ! ವೇದದ ಭಾಷೆಯಲ್ಲಿ ಉಪಸರ್ಗ ಕ್ರಿಯಾಪದದಿಂದ ದೂರವೂ ನಿಲ್ಲುತ್ತಿತ್ತು, ನಿಮ್ಮ 'ಗಿವ್ ಇಟ್ ಅಪ್' ಥರ. ನಿಘಂಟುಗಳು ಆ ಹೆಸರನ್ನು ಪ್ರಿಪೊಸಿಷನ್‌ಗೆ ಕೊಟ್ಟು ಅದಲು ಬದಲು ಮಾಡಿವೆ, ಅಷ್ಟೇ.
— ಕೆ.ಎನ್.

ನೋಡಿದಿರಾ, ಸುತ್ತಿ ಬಳಸಿ ಮತ್ತೆ ಸಂಸ್ಕೃತಕ್ಕೇ ಬಂದರು. ಮೇಷ್ಟ್ರೇ, ನೀವು ಹೇಳುವುದೂ ಎರವಲೇ. ಗ್ರೀಕರು ಇದಕ್ಕೆ ಇಟ್ಟ ಹೆಸರು 'ಪ್ರೊಥೆಸಿಸ್', ಅಂದರೆ 'ಮುಂದಿಡುವುದು'. ಅದನ್ನು ರೋಮನ್ನರು ತಮ್ಮ ಮಾತಿಗೆ ತಿರುಗಿಸಿಕೊಂಡರು. ಹಾಗೇ ಎತ್ತಿಕೊಳ್ಳಲಿಲ್ಲ. ಇಂಗ್ಲಿಷಿನವರು ಲ್ಯಾಟಿನ್ ಪದವನ್ನೇ ಎತ್ತಿಕೊಂಡರು. ನಾವು ರೋಮನ್ನರ ದಾರಿ ಹಿಡಿಯಬಾರದಾ?
— ಬಿ.

ಹಿಡಿಯಿರಿ, ಯಾರು ಬೇಡ ಅಂದರು? ಆದರೆ ನಾಳೆ ಮಧ್ಯಾಹ್ನದೊಳಗೆ ಬೇಡ.
— ಇಂಗ್ಲಿಷ್ ಮೇಷ್ಟ್ರು

'ಪ್ರಿಪೊಸಿಷನ್' ಅಂತಲೇ ಹಾಕಿ, ಎರಡನೆಯ 'ಅಪ್'ಗೆ ಬೇರೆ ಬಣ್ಣ ಕೊಟ್ಟೆ. ಥ್ಯಾಂಕ್ಸ್ ಮೇಷ್ಟ್ರೇ. ಇನ್ನೊಂದು ಕೇಳಲಾ? ಪಟದ ಎಂಟು ಖಾನೆಗಳಲ್ಲಿ 'ದ' ಎಲ್ಲೂ ಇಲ್ಲ. ಗುಣವಾಚಕದಲ್ಲಿ ಸೇರಿಸಿಬಿಡಲಾ?
— ಸು.

ಬೇಡ. 'ವೆರಿ ಗುಡ್' ಅಂತೀರಿ, 'ವೆರಿ ದ' ಅಂತೀರಾ? 'ದ', 'ಎ', 'ದಿಸ್' ಥರದವಕ್ಕೆ ಡಿಟರ್ಮಿನರ್ ಅಂತ ಒಂಬತ್ತನೇ ಖಾನೆ ಹಾಕಿ.
— ಇಂಗ್ಲಿಷ್ ಮೇಷ್ಟ್ರು

ಡಿಟರ್ಮಿನರ್‌ಗೆ 'ನಿರ್ಧಾರಕ' ಅಂತ ಚೆನ್ನಾದ ಪದ ಇದೆ.
— ಕೆ.ಎನ್.

ಶುರುವಾಯಿತು.
— ಬಿ.